ಬೋರ್ದಿಯೆಯ ಚೆಂಡು

ಚೆಂಡು ಗೆರೆಯ ಮೇಲೆ ಬಿದ್ದಿತ್ತು. ಗೆರೆ ಕಾಯುತ್ತಿದ್ದ ಲಕ್ಷ್ಮೀಶ ಔಟ್ ಎಂದು ಕೂಗಿದ. ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು, ಕೆಂಪು ಮಣ್ಣಿನಲ್ಲಿ ಚೆಂಡಿನ ಗುರುತು ಎಲ್ಲಿದೆ ತೋರಿಸಿ ಎಂದಾಗ, ಗೆರೆಯಿಂದ ನಾಲ್ಕು ಬೆರಳು ಆಚೆಗಿದ್ದ ಬೇರೆ ಗುರುತನ್ನು ತೋರಿಸಿದ. ಆಟಗಾರ ನಿಮ್ಮನ್ನು ಬೈದನೇ ಎಂದು ಕೇಳಿದಾಗ ಹೌದು ಎಂದ. ಹೀಗೆ ಬುಧವಾರ ಮಧ್ಯಾಹ್ನ ಸಿಲ್ವೇನ್ ಬೋರ್ದಿಯೆ ಎಂಬ ಫ್ರೆಂಚ್ ಟೆನಿಸ್ ಆಟಗಾರ, ಕೊನೆಯ ಪಾಯಿಂಟನ್ನು ಆಡದೆಯೇ, ಪಂದ್ಯ ಸೋತ.

ಗುರುವಾರ ಬೆಳಿಗ್ಗೆ ಕಿಲಿಮಾನಿ ಬಡಾವಣೆಯ ಐದನೇ ಮಹಡಿಯ ಫ್ಲ್ಯಾಟಿನಲ್ಲಿ ಲಕ್ಷ್ಮೀಶ ತಿಂಡಿಗೆ ಕೂತಾಗ ಮೊಬೈಲು ಮೇಜಿನ ಮೇಲೆ ನಡುಗುತ್ತಲೇ ಇತ್ತು. ನೈರೋಬಿಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಬ್ಯಾಂಕಿನ ಹೃಷಿಕೇಶ್ 'ಕನ್ನಡಿಗನಿಗೆ ಆದ ಅವಮಾನ ನಮ್ಮೆಲ್ಲರಿಗೂ ಆದ ಅವಮಾನ' ಎಂದು ಬರೆದಿದ್ದ. ಅದರ ಕೆಳಗೆ ಕೈಮುಗಿದ ಚಿತ್ರಗಳು, ಮುಷ್ಟಿ ಬಿಗಿದ ಚಿತ್ರಗಳು, ಹಳದಿ ಕೆಂಪು ಬಾವುಟಗಳು. ಮೂರು ವರ್ಷಗಳಲ್ಲಿ ಆ ಗುಂಪಿನಲ್ಲಿ ಅವನ ಹೆಸರು ಬಂದದ್ದು ಒಂದೇ ಸಲ, ಯುಗಾದಿ ಊಟಕ್ಕೆ ಬಾಳೆಎಲೆ ತರುವ ಜವಾಬ್ದಾರಿ ಯಾರದ್ದು ಎಂಬ ಚರ್ಚೆಯಲ್ಲಿ. ಈಗ ಅವನು ವೀರನಾಗಿದ್ದ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಅದು ಇಲ್ಲಿನವರು ಉಗಾಲಿ ಮಾಡುವ ಮೆಕ್ಕೆಜೋಳದ ಹಿಟ್ಟಿಗೆ ಈರುಳ್ಳಿ ಕಲಸಿ ಹೆಂಡತಿ ಮೈಥಿಲಿ ತಟ್ಟುವ ರೊಟ್ಟಿ. ಬಂದ ಹೊಸದರಲ್ಲಿ ಅಕ್ಕಿಹಿಟ್ಟು ಸಿಗದೆ ಮಾಡಿದ್ದು, ಈಗ ಅಕ್ಕಿಹಿಟ್ಟು ಸಿಕ್ಕರೂ ಅದೇ ರುಚಿ ಹತ್ತಿಬಿಟ್ಟಿತ್ತು.

"ಅದೇನಂತ ಬೈದ ಅಂತ ನೀವಿನ್ನೂ ಹೇಳ್ಲೇ ಇಲ್ಲ," ಎಂದಳು ಮೈಥಿಲಿ, ಒಲೆಯ ಕಡೆಯಿಂದ ತಿರುಗದೆ. "ಗ್ರೂಪಿನ ಶ್ರೀರಂಜನಿ ಫೋನ್ ಮಾಡಿ ಕೇಳ್ತಾಳೆ, ನಾನು ಏನಂತ ಹೇಳ್ಲಿ?"

"ಕೆಟ್ಟ ಮಾತೇನಲ್ಲ. ಏಕವಚನದಲ್ಲಿ ಮಾತಾಡಿಸ್ದ."

"ಫ್ರಾನ್ಸಿನೋನು ನಿಮ್ಮನ್ನ ಏಕವಚನದಲ್ಲಿ ಮಾತಾಡಿಸಿದ್ನಾ?" ಈಗ ಅವಳು ತಿರುಗಿದಳು. "ಯಾವ ಭಾಷೇಲಿ?"

ಹೇಳದೆ ವಿಧಿಯಿರಲಿಲ್ಲ. "ಎಲ್ಲೇಲಾ ಅಂದ. ನೆಟ್ ಹತ್ರ ಬಂದು, ರಾಕೆಟ್ ತೋರಿಸ್ಕೊಂಡು, ಎಲ್ಲೇಲಾ, ಎಲ್ಲೇಲಾ ಅಂತ ಮೂರು ಸಲ."

ಮೇಜಿನ ಆ ತುದಿಯಲ್ಲಿ ಶಾಲೆಯ ಸಮವಸ್ತ್ರದಲ್ಲಿದ್ದ ಸಾನ್ವಿ ಬಾಯಲ್ಲಿದ್ದ ಹಾಲು ಉಗುಳದ ಹಾಗೆ ಅಂಗೈ ಅಡ್ಡ ಹಿಡಿದಳು. ಹದಿನಾಲ್ಕರ ಹುಡುಗಿ, ಅಪ್ಪನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಪ್ಪಾ, ದಟ್ಸ್ ಫ್ರೆಂಚ್. ಎಲ್, ಎ, ಲಾ. ಇಟ್ ಮೀನ್ಸ್, ಶೀ ಈಸ್ ದೇರ್."

"ಯಾರೇ ಅವಳು?"

"ದ ಬಾಲ್, ಅಪ್ಪಾ. ಬಾಲ್ ಈಸ್ ಫೆಮಿನಿನ್. ಹೀ ವಾಸ್ ಜಸ್ಟ್ ಶೋಯಿಂಗ್ ಯೂ ದ ಬಾಲ್."

ಮೈಥಿಲಿ ನಗಲಿಲ್ಲ. ಗಂಡನ ಮುಖವನ್ನೊಮ್ಮೆ ನೋಡಿ, ಒಲೆ ಆರಿಸಿ, ಮಗಳ ಚೀಲಕ್ಕೆ ನೀರಿನ ಬಾಟಲಿ ಇಡುವ ನೆಪದಲ್ಲಿ ಅವಳನ್ನು ಕರೆದುಕೊಂಡು ಹೋದಳು. ಲಕ್ಷ್ಮೀಶ ತಟ್ಟೆಯ ಮುಂದೆ ಒಬ್ಬನೇ ಉಳಿದ. ಇಡೀ ನೈರೋಬಿಯಲ್ಲಿ ಆ ಮೂರು ಸದ್ದನ್ನು ಬೈಗುಳವಾಗಿ ಕೇಳಿಸಿಕೊಳ್ಳಬಲ್ಲ ಮನುಷ್ಯ ತಾನೊಬ್ಬನೇ ಇರಬೇಕು, ಅಂಥವನನ್ನೇ ತಂದು ಆ ಗೆರೆಯ ಹಿಂದೆ ಕೂರಿಸಿದ್ದರು. ಮಳವಳ್ಳಿಯ ಸರ್ಕಾರಿ ಶಾಲೆಯ ಗೋಡೆಯಲ್ಲಿ ಬಟ್ಟೆಗೆ ಅಂಟಿಸಿದ ನಕಾಶೆ ತೂಗುತ್ತಿತ್ತು, ಭೂಗೋಳದ ಮೇಷ್ಟ್ರು ಬೆತ್ತದ ತುದಿಯಿಂದ ಅವನ ಭುಜ ತಟ್ಟಿ ತುಂಗಭದ್ರಾ ತೋರ್ಸ್ಲಾ ಎನ್ನುತ್ತಿದ್ದರು. ಅವನಿಗೆ ತುಂಗಭದ್ರೆ ಗೊತ್ತಿತ್ತು, ಹಿಂದಿನ ರಾತ್ರಿ ಹತ್ತು ಸಲ ಬೆರಳಿಟ್ಟು ನೋಡಿದ್ದ. ಆದರೆ ಎಲ್ಲೇಲಾ, ಎಲ್ಲೇಲಾ ಎಂದು ಮೇಷ್ಟ್ರ ದನಿ ಏರಿದ ಕೂಡಲೇ ನದಿಗಳೆಲ್ಲ ಒಂದರೊಳಗೊಂದು ಹರಿದುಬಿಡುತ್ತಿದ್ದವು. ಆಗ ಬೇಕಾದದ್ದು ಸರಿಯುತ್ತರವಲ್ಲ, ಬೆರಳನ್ನು ಎಲ್ಲಾದರೂ ಊರುವುದು. ನಿನ್ನೆ ಅದೇ ಬೆರಳು. ಬೂಟಿನ ಮುಂದೆ ಎರಡು ಗುರುತಿದ್ದವು, ಒಂದು ಗೆರೆಗೆ ಅಂಟಿಕೊಂಡು, ಇನ್ನೊಂದು ಆಚೆ. ಆಚೆಯದು ಅಂಚು ಒಣಗಿದ ಹಳೆಯ ಗುರುತು ಎಂದು ಕಣ್ಣಿಗೆ ತಿಳಿದಿತ್ತೇ, ಬೆರಳಿಗೆ ತಿಳಿದಿರಲಿಲ್ಲವೇ? ಬೆರಳು ಹೋದ ಮೇಲೆ ಕಣ್ಣು ಅದರ ಹಿಂದೆ ಹೋಯಿತು, ಕಣ್ಣಿನ ಹಿಂದೆ ಬಾಯಿ. ಅಂಪೈರ್, ಅವನೇನೋ ಅಂದನಲ್ಲ, ಬೈದನೇ ಎಂದಾಗ, ಐವತ್ತರ ಹತ್ತಿರದ ಗೃಹಸ್ಥನನ್ನು ನೂರು ಜನರೆದುರು ಲಾ ಎಂದದ್ದು ಬೈಗುಳವಲ್ಲದೆ ಮತ್ತೇನು ಎಂದುಕೊಂಡು ಹೌದು ಎಂದುಬಿಟ್ಟಿದ್ದ. ಬೋರ್ದಿಯೆಗೆ ಎರಡನೇ ಸೆಟ್ಟಿನಲ್ಲಿ ರಾಕೆಟ್ ಬೀಸಾಡಿದ್ದಕ್ಕೆ ಆಗಲೇ ಒಂದು ಎಚ್ಚರಿಕೆ ಸಿಕ್ಕಿತ್ತು. ಎರಡನೇ ತಪ್ಪಿಗೆ ಒಂದು ಪಾಯಿಂಟು ದಂಡ. ಔಟ್ ಎಂದದ್ದರಿಂದ ಎದುರಾಳಿಗೆ ಪಂದ್ಯ ಗೆಲ್ಲಲು ಬೇಕಿದ್ದುದು ಒಂದೇ ಪಾಯಿಂಟು, ಅದನ್ನು ಆ ದಂಡವೇ ಕೊಟ್ಟಿತು.

ಗೇಟಿನ ಹತ್ತಿರ ಟ್ಯಾಕ್ಸಿಗೆ ಕಾಯುತ್ತ ನಿಂತಾಗ ಕಾವಲಿನವನು ಎದ್ದು ಸಲಾಮು ಹೊಡೆದ. ಮೂರು ವರ್ಷದಿಂದ ದಿನಕ್ಕೆರಡು ಸಲ ಈ ಮನುಷ್ಯ ಎದ್ದು ನಿಲ್ಲುತ್ತಾನೆ. ಲಕ್ಷ್ಮೀಶ ಅವನಿಗೆ ಶಿಳ್ಳೆ ಹಾಕುತ್ತಾನೆ, ಇಲ್ಲವೇ ಏಯ್ ಗೇಟ್ ಎನ್ನುತ್ತಾನೆ. ಹೆಸರು ಕೇಳಿಲ್ಲ. ಕೇಳಬೇಕೆಂದು ಈಗ ಬಾಯಿ ತೆರೆದ, ಆದರೆ ಇಂದೇ ಕೇಳಿದರೆ ಅದು ಹೆಸರಿಗಾಗಿ ಕೇಳಿದಂತಾಗದೆ ತನ್ನ ಸಮಾಧಾನಕ್ಕೆ ಕೇಳಿದಂತಾಗುತ್ತದೆ ಎನ್ನಿಸಿ ಬಾಯಿ ಮುಚ್ಚಿದ. ಒಂದು ಅಕ್ಷರಕ್ಕೆ ನೊಂದು ಒಬ್ಬನ ಪಂದ್ಯ ಕಸಿದವನು ತಾನು. ಈ ಕಾವಲಿನವನು ನೊಂದುಕೊಳ್ಳಲು ಹೊರಟಿದ್ದರೆ ಕಿಲಿಮಾನಿಯ ಒಂದು ಗೇಟೂ ತೆರೆಯುತ್ತಿರಲಿಲ್ಲ.

ಟ್ಯಾಕ್ಸಿ ಹತ್ತು ನಿಮಿಷ ಓಡಿ ಒಂದು ವೃತ್ತದಲ್ಲಿ ಸಿಕ್ಕಿಕೊಂಡಿತು. ಎಡಬಲಕ್ಕೆ ಮಟಾಟು ಮಿನಿಬಸ್ಸುಗಳು ಹಾರ್ನು ಬಾರಿಸುತ್ತಿದ್ದವು. ಚಕ್ರಪಾಣಿಯ ಫೋನು ಬಂತು. ಚಕ್ರಪಾಣಿ ಲಕ್ಷ್ಮೀಶ ಕೆಲಸ ಮಾಡುವ ಔಷಧ ಕಾರ್ಖಾನೆಯ ನಿರ್ದೇಶಕ, ಸಿರಿವಂತರ ಬಡಾವಣೆ ರುಂಡಾದಲ್ಲಿ ಮನೆ, ಈ ಟೂರ್ನಿಗೆ ಹಣ ಹಾಕಿದ ಅದೇ ಕಂಪನಿಯ ಪರವಾಗಿ ಕಪ್ಪು ಕನ್ನಡಕ ಹಾಕಿ ಮೊದಲ ಸಾಲಿನಲ್ಲಿ ಕೂರುವವರು. ಚೆಂಡು ಎಲ್ಲಿ ಬಿತ್ತೆಂದು ನೋಡುವ ಯಂತ್ರಗಳು ಇಂಥ ಸಣ್ಣ ಟೂರ್ನಿಗಳ ತನಕ ಇನ್ನೂ ಬಂದಿಲ್ಲ. ಗೆರೆ ಕಾಯಲು ಮನುಷ್ಯರು ಬೇಕು, ನಮ್ಮ ಕ್ವಾಲಿಟಿ ವಿಭಾಗದವರಿಗಿಂತ ಚೆನ್ನಾಗಿ ನೋಡುವವರು ಯಾರಿದ್ದಾರೆ ಎಂದು ಅವನನ್ನು ಎರಡು ಶನಿವಾರ ತರಬೇತಿಗೆ ಕಳಿಸಿದ್ದು ಅವರೇ.

"ಲಕ್ಷ್ಮೀಶ, ಹನ್ನೊಂದಕ್ಕೆ ಟೂರ್ನಿ ಸೂಪರ್‌ವೈಸರ್ ರೂಮಿಗೆ ಬಂದುಬಿಡಿ. ರಿಪೋರ್ಟ್ ರೆಡಿ ಇದೆ, ನಾನೇ ಕೂತು ಬರೆಸಿದೀನಿ. ನಿಮ್ಮ ಸೈನ್ ಒಂದು ಬಿದ್ರೆ ಆಯ್ತು."

"ಸರ್, ಅದ್ರಲ್ಲಿ ಏನಂತ ಬರೆಸಿದೀರಿ?"

"ಇಂಡಿಯನ್ನು ಅಂತ ಹೀಯಾಳಿಸಿದ ಅಂತ. ಬರೀ ಬೈದ ಅಂದ್ರೆ ಬಿಟ್ಟುಬಿಡ್ತಾರೆ ಕಣ್ರಿ. ಹಿಂಗಂದ್ರೆ ಆರು ತಿಂಗಳು ಆಡೋ ಹಾಗಿಲ್ಲ."

"ಅವನು ಹಂಗಂದಿಲ್ಲ ಸರ್."

"ನೀವೇ ತಾನೆ ಹೌದು ಅಂದಿದ್ದು, ಎಲ್ಲರ ಮುಂದೆ. ಈಗ ಇಡೀ ಗ್ರೂಪು ಓದಿದೆ. ಮಾರ್ಚಲ್ಲಿ ನಿಮ್ಮ ವರ್ಕ್ ಪರ್ಮಿಟ್ ರಿನ್ಯೂ ಆಗ್ಬೇಕು, ಅದಕ್ಕೆ ನಾನೂ ಸೈನ್ ಹಾಕ್ಬೇಕು. ನಾನು ಹಾಕಲ್ಲ ಅಂದ್ರೆ ಹೆಂಗಿರತ್ತೆ? ತಮಾಷೆಗೆ ಅಂದೆ. ಬನ್ನಿ."

ಫೋನಿಟ್ಟ ಮೇಲೆ, ಬೇರೇನೂ ತೋಚದೆ, ಅವನು ಮೊಬೈಲಿನಲ್ಲಿ ಬೋರ್ದಿಯೆಯ ಹೆಸರು ಹುಡುಕಿದ. ಹದಿನೆಂಟು ವರ್ಷಗಳ ಪಂದ್ಯಗಳ ಪಟ್ಟಿ ಬೆರಳಡಿಯಲ್ಲಿ ಜಾರತೊಡಗಿತು. ಪಟ್ಟಿ ಓದುವುದು ಅವನ ಕಸುಬು. ಕಾರ್ಖಾನೆಯಲ್ಲಿ ಒಂದು ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಿದೆ. ಮಾತ್ರೆಗಳನ್ನು ಅದರ ಬಿಸಿಯಲ್ಲಿ, ಅದರ ತೇವದಲ್ಲಿ ತಿಂಗಳುಗಟ್ಟಲೆ ಇಟ್ಟು, ಆಗಾಗ ಒಂದೊಂದು ತೆಗೆದು ಎಷ್ಟು ಗುಣ ಉಳಿದಿದೆ ಎಂದು ಅಳೆದು ಬರೆಯಬೇಕು. ಈ ಮನುಷ್ಯನನ್ನು ಯಾರೋ ಅಂಥದೇ ಪೆಟ್ಟಿಗೆಯಲ್ಲಿಟ್ಟು ಮರೆತಿದ್ದರು. ಟುನೀಶಿಯಾ, ಎರಡನೇ ಸುತ್ತು. ಉಜ್ಬೇಕಿಸ್ತಾನ, ಮೊದಲ ಸುತ್ತು. ರುವಾಂಡಾ, ಮೊದಲ ಸುತ್ತು. ಮತ್ತೆ ಟುನೀಶಿಯಾ, ಸೆಮಿಫೈನಲ್, ಅಲ್ಲಿ ಮೊಣಕಾಲಿಗೆ ಪೆಟ್ಟು. ಏಳು ತಿಂಗಳ ಖಾಲಿ. ಆಮೇಲೆ ಹೆಸರೇ ಓದಲಾಗದ ಯಾವುದೋ ಊರಿನಲ್ಲಿ ಅರ್ಹತಾ ಸುತ್ತಿನಿಂದ ಮತ್ತೆ ಮೊದಲು. ಒಂದೇ ಒಂದು ವಾರ ಜಗತ್ತಿನ ನೂರ ನಲವತ್ತೆಂಟನೆಯವನಾಗಿದ್ದ. ಒಂದೇ ಒಂದು ಸಲ ಪ್ಯಾರಿಸ್ಸಿನ ದೊಡ್ಡ ಟೂರ್ನಿಯಲ್ಲಿ, ಹೊರ ಅಂಗಳವೊಂದರಲ್ಲಿ, ಐದು ಸೆಟ್ಟು ಆಡಿ ಸೋತಿದ್ದ. ಐದನೆಯದರಲ್ಲಿ ಒಂಬತ್ತು ಏಳು. ಮರುವಾರವೇ ಬೋಸ್ನಿಯಾದಲ್ಲಿ ಇನ್ಯಾರ ಜೊತೆಯೋ ಆಡಿದ್ದ, ಏನೂ ಆಗಲೇ ಇಲ್ಲವೆಂಬಂತೆ. ಬೆಂಗಳೂರೂ ಇತ್ತು. ಕಬ್ಬನ್ ಪಾರ್ಕಿನ ಆ ಅಂಗಳದಲ್ಲಿ ಏಳು ಆರು, ಏಳು ಆರರಲ್ಲಿ ಇವನು ಸೋಲುತ್ತಿದ್ದಾಗ ಲಕ್ಷ್ಮೀಶ ಜಿಗಣಿಯಿಂದ ಬರುವ ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದಿರಬೇಕು. ಎರಡು ಸಲ ಟೈಬ್ರೇಕು. ಪಾಪ, ಇನ್ನೆರಡು ಚೆಂಡು ಆಚೀಚೆ ಬಿದ್ದಿದ್ದರೆ. ಆ ಪಾಪ ಎಂಬ ಮಾತು ಅವನ ಬಾಯಿಂದ ಬಂದದ್ದು ಕೇಳಿ ಚಾಲಕ ಕನ್ನಡಿಯಲ್ಲಿ ನೋಡಿದ. ಸೋಲುಗಳೆಲ್ಲ ಎಷ್ಟು ಹತ್ತಿರದವು. ಇವನು ಯಾರಿಗೂ ಸುಮ್ಮನೆ ಪಂದ್ಯ ಬಿಟ್ಟುಕೊಟ್ಟವನಲ್ಲ. ಮೂವತ್ತಾರು ವರ್ಷ, ನಾನೂರ ಹನ್ನೆರಡನೇ ಸ್ಥಾನ, ಮುಂದಿನ ವಾರದ ಟೂರ್ನಿಯ ಹೆಸರೂ ಪಟ್ಟಿಯಲ್ಲಿತ್ತು. ಮನೆಗೆ ತಡವಾಗಿ ಬರುವ ತಮ್ಮನೊಬ್ಬನ ಮೇಲೆ ಬರುವಂಥ ಸಿಟ್ಟು, ಅಕ್ಕರೆ ಎರಡೂ ಲಕ್ಷ್ಮೀಶನಿಗೆ ಒಟ್ಟಿಗೆ ಬಂದವು. ಮುಂದಿನ ವಾರದ ಆ ಸಾಲಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತ, ತೆಗೆದರೆ ಅದು ಅಳಿಸಿಹೋಗುತ್ತದೋ ಎಂಬ ಹಾಗೆ.

ಕ್ಲಬ್ಬಿನಲ್ಲಿ ಎರಡನೇ ಅಂಗಳದ ಮಣ್ಣಿನ ಮೇಲೆ ಫ್ಲಾವಿಯಾ ನೆಲ ಸಮ ಮಾಡುವ ಬಲೆ ಎಳೆಯುತ್ತಿದ್ದಳು. ಎರಡು ಶನಿವಾರ ಅವನಿಗೆ ಗೆರೆ ಕಾಯುವುದು ಕಲಿಸಿದವಳು ಇವಳೇ. ಇಪ್ಪತ್ತು ವರ್ಷದಿಂದ ಈ ಅಂಗಳದಲ್ಲಿ ಇದ್ದಾಳೆ, ನಿನ್ನೆ ಆಚೆ ಗೆರೆಯಲ್ಲಿ ಕೂತಿದ್ದಳು. ಚೆಂಡು ಬಿದ್ದ ಜಾಗದಿಂದ ಕಣ್ಣು ಕೀಳಬೇಡ, ಅಂಪೈರ್ ಬರುವ ತನಕ ನಿನ್ನ ತಾಯಿ ಸತ್ತಳೆಂದು ಕೂಗಿದರೂ ಕೀಳಬೇಡ ಎಂದು ಹೇಳಿಕೊಟ್ಟಿದ್ದಳು.

"ಸಲಾಮು ಮ್ಜೇ," ಎಂದಳು, ನಿಲ್ಲದೆ. ಹಿರಿಯರನ್ನು ಕರೆಯುವ ಮಾತು. ಇಂದು ಅದರಲ್ಲಿ ಹಿರಿತನ ಕಡಿಮೆಯಿತ್ತು. "ನೀವು ತೋರಿಸಿದ ಅಲಾಮಾ ಹಿಂದಿನ ಗೇಮಿನದು. ಗುರುತು ನೋಡಿದರೇ ತಿಳಿಯುತ್ತದೆ."

"ನೀನು ನೋಡಿದೆಯಾ?"

"ಅಷ್ಟು ದೂರದಿಂದ ನೋಡಿದೆ."

"ಯಾಕೆ ಹೇಳಲಿಲ್ಲ?"

ಅವಳು ಈಗ ನಿಂತಳು. "ಕಂಪನಿಯ ಯಜಮಾನರು ಕರೆತಂದ ಮನುಷ್ಯ ಸುಳ್ಳು ಹೇಳುತ್ತಾನೆ ಅಂತ ನಾನು ಹೇಳಬೇಕಿತ್ತೇ? ನೀವು ಆರು ದಿನ ಬಂದು ಹೋಗುತ್ತೀರಿ, ಮ್ಜೇ. ನಾನು ಸೋಮವಾರವೂ ಇಲ್ಲೇ ಬಲೆ ಎಳೆಯಬೇಕು." ಮತ್ತೆ ಎಳೆಯುತ್ತ ಹೊರಟಳು. ಅವಳ ಹಿಂದೆ ನೆಲ ನುಣುಪಾಗುತ್ತ ಹೋಯಿತು. ಪೋಲೆ ಎಂದ ಅವನು, ಕ್ಷಮಿಸು ಎಂದು. ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಅವಳಿಗೂ ಒಂದು ಕಾಗದ ತೋರಿಸಿ ಸಾಕ್ಷಿ ಹಾಕೆಂದು ಕೇಳುತ್ತಾರೇನೋ ಎಂಬ ಹೆದರಿಕೆ ಮೊದಲ ಸಲ ಅವನಿಗೆ ಹುಟ್ಟಿತು.

ಬೋರ್ದಿಯೆ ಆಟಗಾರರ ಕೋಣೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಒಗೆದು ಹಿಂಡಿದ ನಾಲ್ಕು ಜೊತೆ ಕಾಲುಚೀಲ ಕಟಕಟೆಯ ಮೇಲೆ ಸಾಲಾಗಿ ಒಣಗುತ್ತಿದ್ದವು. ಹತ್ತಿರದಿಂದ ಅವನು ಟೀವಿಯ ಆಟಗಾರರಂತಿರಲಿಲ್ಲ. ನೆತ್ತಿ ತೆಳುವಾದ, ಒಂದು ಕಿವಿ ಬಿಸಿಲಿಗೆ ಸುಲಿದ, ಬ್ಯಾಂಕಿನ ಸಾಲಿನಲ್ಲಿ ನಮ್ಮ ಮುಂದೆ ನಿಂತಿರಬಹುದಾದ ಮನುಷ್ಯ. ರಾಕೆಟ್ಟಿನ ಹಿಡಿಗೆ ಹೊಸ ಪಟ್ಟಿ ಸುತ್ತುತ್ತಿದ್ದ, ಮಗುವಿಗೆ ಕುಲಾವಿ ಕಟ್ಟುವ ಜಾಗ್ರತೆಯಲ್ಲಿ. ಲಕ್ಷ್ಮೀಶ ಎದುರು ನಿಂತಾಗ ತಲೆಯೆತ್ತಿ ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ಟವೆಲ್ ತೆಗೆದು ಜಾಗ ಮಾಡಿದ.

"ಕೂರಿ, ಮೆಸ್ಯೂ. ನನ್ನನ್ನು ಮನೆಗೆ ಕಳಿಸಿದವರು ನೀವೇ." ಅವನ ಇಂಗ್ಲಿಷು ನಿಧಾನವಾಗಿತ್ತು, ಪ್ರತಿ ಮಾತನ್ನೂ ಒಮ್ಮೆ ಮುಟ್ಟಿ ನೋಡಿ ಇಡುತ್ತಿದ್ದ.

ಲಕ್ಷ್ಮೀಶ ಕೂತ. ಹೇಳಬೇಕೆಂದುಕೊಂಡು ಬಂದದ್ದನ್ನೆಲ್ಲ ಹಿಂದುಮುಂದಾಗಿ ಹೇಳಿದ: ಮಳವಳ್ಳಿ, ನಕಾಶೆ, ಮೇಷ್ಟ್ರು, ಎಲ್ಲೇಲಾ. ಬೋರ್ದಿಯೆ ಪಟ್ಟಿ ಸುತ್ತುವುದು ಬಿಟ್ಟು ಕೇಳಿದ. ಕೇಳಿ ಮುಗಿದ ಮೇಲೆ ಅವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ಸದ್ದಾಗಿ ನಕ್ಕ. "ಹಾಗಾದರೆ ನಾನು ಆ ಮೇಷ್ಟ್ರು. ಬೆತ್ತ ಹಿಡಿದವನು."

"ಹೌದು."

"ಮತ್ತೆ, ನದಿ ತೋರಿಸಿದಿರಾ?"

"ಇಲ್ಲ. ಬೆರಳು ಹೈದರಾಬಾದಿನ ಮೇಲೆ ಹೋಯಿತು." ಇಬ್ಬರೂ ನಕ್ಕರು. ನಗುತ್ತಿದ್ದಂತೆಯೇ ಲಕ್ಷ್ಮೀಶನಿಗೆ ಕಣ್ಣು ಉರಿಯಿತು. "ಚೆಂಡು ಗೆರೆಯ ಮೇಲಿತ್ತು," ಎಂದ.

"ನನಗೆ ಗೊತ್ತು. ಒಳ್ಳೆಯ ಚೆಂಡು ಅದು. ಈ ಊರು ಎತ್ತರದಲ್ಲಿದೆ, ಗಾಳಿ ತೆಳುವು, ಚೆಂಡು ಹಾರಿಬಿಡುತ್ತದೆ. ಮೂರು ದಿನ ಅದನ್ನು ಕೆಳಗಿಳಿಸುವುದು ಕಲಿತೆ. ಅದೊಂದು ಸರಿಯಾಗಿ ಇಳಿಯಿತು." ಅಂಗೈಯನ್ನು ಹಕ್ಕಿಯ ಹಾಗೆ ಇಳಿಸಿ ತೋರಿಸಿದ. ಸೋತ ಪಂದ್ಯಕ್ಕಿಂತ ಆ ಚೆಂಡೇ ಅವನಿಗೆ ಹೆಚ್ಚಾಗಿತ್ತು. ಆಮೇಲೆ ಮುಖ ಗಂಭೀರವಾಯಿತು. "ಆದರೂ ನೀವು ಆ ಕಾಗದಕ್ಕೆ ಸೈನ್ ಮಾಡಿ."

ತಪ್ಪು ಕೇಳಿಸಿತೆಂದುಕೊಂಡ ಲಕ್ಷ್ಮೀಶ. ನಿನ್ನೆಯಿಂದ ಅವನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಹೋಗಿತ್ತು.

"ಆರು ತಿಂಗಳು ಎಂದರು. ಒಳ್ಳೆಯದು. ಲಿಮೋಜಿನಲ್ಲಿ, ನನ್ನೂರಿನಲ್ಲಿ, ಒಂದು ಕ್ಲಬ್ಬಿದೆ. ಮಕ್ಕಳಿಗೆ ಆಟ ಹೇಳಿಕೊಡುವ ಕೆಲಸ. ಮೂರು ವರ್ಷದಿಂದ ನನಗಾಗಿ ಜಾಗ ಖಾಲಿ ಇಟ್ಟಿದ್ದಾರೆ, ಮೂರು ವರ್ಷದಿಂದ ನಾನು ಇನ್ನೊಂದು ಸೀಸನ್ ಅನ್ನುತ್ತೇನೆ. ಪ್ರತಿ ಸೋಮವಾರ ಹೊಸ ಪಟ್ಟಿ ಬರುತ್ತದೆ. ಎರಡು ಸ್ಥಾನ ಮೇಲೆ ಹೋಗಿರುತ್ತೇನೆ, ಸಾಕು, ಚೀಲ ಕಟ್ಟುತ್ತೇನೆ. ಹತ್ತು ಸ್ಥಾನ ಕೆಳಗೆ ಬಂದಿರುತ್ತೇನೆ, ಛೆ ಹೀಗೆ ನಿಲ್ಲಿಸಬಾರದು ಎಂದು ಚೀಲ ಕಟ್ಟುತ್ತೇನೆ. ನನಗೆ ನಿಲ್ಲಿಸಲು ಬರುವುದಿಲ್ಲ, ಮೆಸ್ಯೂ. ಯಾರೂ ಅದನ್ನು ಕಲಿಸಲಿಲ್ಲ. ನೀವು ಸೈನ್ ಮಾಡಿದರೆ ನಿಂತುಹೋಗುತ್ತದೆ. ನನಗೆ ನಿಮ್ಮ ಮೇಲೆ ಬೇಸರವಿರುವುದಿಲ್ಲ, ನನ್ನ ಮಾತು ನಂಬಿ."

ಅವನು ನಂಬಿದ. ಅದೇ ಕಷ್ಟವಾದದ್ದು. ಇಷ್ಟು ಸುಲಭವಾಗಿ ಪಾಪ ಪುಣ್ಯವಾಗಿ ತಿರುಗಿಕೊಳ್ಳುವುದನ್ನು ಅವನು ಕಂಡಿರಲಿಲ್ಲ: ಸೈನ್ ಹಾಕಿದರೆ ಚಕ್ರಪಾಣಿಗೆ ಸಂತೋಷ, ಗುಂಪಿಗೆ ಸಂತೋಷ, ಪರ್ಮಿಟ್ಟು ಉಳಿಯುತ್ತದೆ, ಕೊನೆಗೆ ಕೆಟ್ಟವನಾಗಬೇಕಾದ ಈ ಮನುಷ್ಯನೂ ಮನೆಗೆ ಹೋಗಿ ಮಕ್ಕಳಿಗೆ ಆಟ ಕಲಿಸುತ್ತಾನೆ. ಎಲ್ಲರೂ ಸೇರಿ ಅವನ ಬೆರಳನ್ನು ಹಿಡಿದು ಒಂದೇ ಜಾಗಕ್ಕೆ ಒಯ್ಯುತ್ತಿದ್ದರು, ಎಷ್ಟು ಮೆತ್ತಗೆ. "ಕಾಗದದಲ್ಲಿ ಏನಿದೆ ಎಂದು ಓದಿದ್ದೀರಾ?" ಎಂದು ಕೇಳಿದ.

"ಬೈದೆ ಎಂದಿದೆಯಂತೆ. ಆಟದಲ್ಲಿ ಎಲ್ಲರೂ ಬೈಯುತ್ತಾರೆ."

ಹನ್ನೊಂದಾಗಿತ್ತು. ಒಳಗಿನಿಂದ ಇಬ್ಬರನ್ನೂ ಕರೆದರು.

ಸೂಪರ್‌ವೈಸರ್ ಬಿಳಿ ಮೀಸೆಯ, ದಣಿದ ಮುಖದ ಮನುಷ್ಯ. ಮಧ್ಯಾಹ್ನದ ಪಂದ್ಯಗಳ ಹಾಳೆ ಎದುರಿಗೆ ಹರಡಿಕೊಂಡಿದ್ದ. ಕಿಟಕಿಯ ಪಕ್ಕದ ಸೋಫಾದಲ್ಲಿ ಚಕ್ರಪಾಣಿ. ಒಂದು ಹಾಳೆಯನ್ನು ಲಕ್ಷ್ಮೀಶನ ಕಡೆಗೆ ತಳ್ಳಿದರು. ಅವನು ನಿಧಾನವಾಗಿ ಓದಿದ, ಓದದೆ ಸೈನ್ ಹಾಕುವ ಅಭ್ಯಾಸ ಅವನಿಗಿರಲಿಲ್ಲ. ಇಂಡಿಯನ್ ಎಂಬ ಮಾತಿತ್ತು, ಜನಾಂಗ ಎಂಬ ಮಾತಿತ್ತು, ಕೊಳಕು ಎಂಬ ಮಾತೂ ಇತ್ತು. ಓದಿದ್ದನ್ನು ತಲೆಯೆತ್ತಿ ಬೋರ್ದಿಯೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ. ಬೋರ್ದಿಯೆ ಕಿವಿ ಮುಂದೆ ಮಾಡಿ ಕೇಳಿದ. ಅವನ ಸುಲಿದ ಕಿವಿ ಇನ್ನಷ್ಟು ಕೆಂಪಾಯಿತು. ಇದು ಲಿಮೋಜಿನ ತನಕ ಬರುತ್ತದೆ, ಆ ಮಕ್ಕಳ ತಾಯಂದಿರು ಇದನ್ನು ಓದುತ್ತಾರೆ, ಎಂದು ಲಕ್ಷ್ಮೀಶ ಹೇಳಬೇಕಾಗಲಿಲ್ಲ. ಆದರೂ ಆ ಮನುಷ್ಯ, ಹದಿನೆಂಟು ವರ್ಷದಲ್ಲಿ ಎಷ್ಟೋ ಕೆಟ್ಟ ತೀರ್ಪುಗಳನ್ನು ನುಂಗಿದವನ ಹಾಗೆ, ಮುಂದಿನ ಪಾಯಿಂಟಿಗೆ ಹೊರಡುವವನ ಹಾಗೆ, ಭುಜ ಕುಣಿಸಿ, ಮಾಡಿ ಪರವಾಗಿಲ್ಲ ಎಂದು ಕೈಸನ್ನೆ ಮಾಡಿದ.

"ಚೆಂಡು ಗೆರೆಯ ಮೇಲಿತ್ತು," ಎಂದ ಲಕ್ಷ್ಮೀಶ, ಸೂಪರ್‌ವೈಸರ್‌ಗೆ. "ನಾನು ಬೇರೆ ಗುರುತು ತೋರಿಸಿದೆ. ಇವರು ನನ್ನನ್ನು ಬೈಯಲಿಲ್ಲ."

ಸೂಪರ್‌ವೈಸರ್ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡ. ಫಲಿತಾಂಶ ಬದಲಾಗುವುದಿಲ್ಲ, ಗೆದ್ದವನು ಇಂದು ಆಡುತ್ತಿದ್ದಾನೆ ಎಂದ. ನಿನ್ನೆ ಹೌದು ಎಂದವರು ನೀವೇ, ಅಂಪೈರ್ ಅದನ್ನು ಬರೆದುಕೊಂಡಿದ್ದಾರೆ ಎಂದ. ಈ ಕಾಗದ ಮಾತ್ರ ಉಳಿದಿದೆ, ನನಗೆ ಸಮಯವಿಲ್ಲ ಎಂದ.

"ಲಕ್ಷ್ಮೀಶ." ಚಕ್ರಪಾಣಿ ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಂತರು. ದನಿ ತಗ್ಗಿಸಿ, ಆ ಕೋಣೆಯಲ್ಲಿ ಇಬ್ಬರಿಗೇ ತಿಳಿಯುವ ಭಾಷೆಯಲ್ಲಿ: "ಏನ್ರೀ ಇದು? ನಾಳೆ ಎಲ್ಲರ ಮುಂದೆ ಸುಳ್ಳುಗಾರ ಅನ್ನಿಸ್ಕೋತೀರಿ. ನಿಮ್ಮ ಮಗಳು ಇಲ್ಲಿ ಓದ್ತಿಲ್ವಾ? ಅವನೇ ಮಾಡು ಅಂತಿದಾನೆ, ನೋಡಿ. ನಿಮಗೇನು ಹೋಗೋದು? ಹಾಕಿ."

ನಾಳೆ ಸುಳ್ಳುಗಾರ ಅನ್ನಿಸಿಕೊಳ್ಳುವುದು ನಿಜ. ಹೃಷಿಕೇಶ್ ಬಾವುಟ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಮಾರ್ಚಿನಲ್ಲಿ ಏನಾಗುತ್ತದೋ, ಮೈಥಿಲಿ ಎರಡು ದಿನ ಮಾತಾಡದೆ ಮೂರನೆಯ ದಿನ ಊರಿಗೆ ಹೊರಡುವ ಪೆಟ್ಟಿಗೆಗಳನ್ನು ಇಳಿಸತೊಡಗುತ್ತಾಳೇನೋ. ಎದುರಿಗೆ ಬೋರ್ದಿಯೆ, ಬೇಗ ಮುಗಿಸಿ ಮೆಸ್ಯೂ ಎಂಬಂತೆ, ಹುಬ್ಬಿನಿಂದಲೇ ಪೆನ್ನಿನ ಕಡೆ ತೋರಿಸಿದ. ಲಕ್ಷ್ಮೀಶನಿಗೆ ಅವನ ಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬಂತು, ತೀರ ಹತ್ತಿರದವರ ಮೇಲೆ ಮಾತ್ರ ಬರುವಂಥದು. ನಿಲ್ಲಿಸುವುದಾದರೆ ನೀನೇ ನಿಲ್ಲಿಸಯ್ಯಾ, ಎಂದುಕೊಂಡ, ಕಲಿತುಕೋ, ಇನ್ನೂ ವಯಸ್ಸಿದೆ.

"ಹಾಕಿ ಲಕ್ಷ್ಮೀಶ," ಎಂದರು ಚಕ್ರಪಾಣಿ ಮತ್ತೊಮ್ಮೆ, ಪೆನ್ನಿನ ಮುಚ್ಚಳ ತಾವೇ ತೆಗೆದು ಕೊಡುತ್ತ.

"ಇಲ್ಲ ಸರ್," ಎಂದ ಅವನು. "ಹಾಕಲ್ಲ."